ಕ್ಯಾಮೆರಾಗೆ ಕಾಣುವುದನ್ನೇ ಬರೆಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ. ಚಿತ್ರಕಥೆ ಬರೆಯಬೇಕು ಅಂತ ಪೆನ್ನು ಹಿಡಿದು ಕೂತವರಿಗೆ ಇವತ್ತು ಒಂದೇ ವಿಷಯ ಹೇಳುತ್ತೇನೆ. ಕ್ಯಾಮೆರಾಗೆ ಕಾಣದ್ದನ್ನು, ಮೈಕಿಗೆ ಕೇಳಿಸದ್ದನ್ನು ಬರೆಯಬೇಡಿ.

ಮೊನ್ನೆ ಒಬ್ಬ ಹುಡುಗ ತನ್ನ ಸ್ಕ್ರಿಪ್ಟ್ ತಂದುಕೊಟ್ಟ. ಮೊದಲ ಸೀನಿನಲ್ಲೇ, 'ಹತ್ತು ವರ್ಷದಿಂದ ತಮ್ಮನಿಗೆ ಅಣ್ಣನ ಮೇಲೆ ಸಿಟ್ಟು' ಅಂತ ಇತ್ತು. 'ಇದನ್ನು ಶೂಟ್ ಮಾಡೋದು ಹೇಗಪ್ಪಾ?' ಅಂದೆ. 'ನಟನ ಮುಖದಲ್ಲಿ ಬರುತ್ತೆ ಸಾರ್' ಅಂದ. ಸಿಟ್ಟು ಬರಬಹುದು. ಹತ್ತು ವರ್ಷ ಯಾವ ಮುಖದಲ್ಲಿ ಬರುತ್ತದೆ ಹೇಳಿ? ಅಲ್ಲೇ ಕೂತು ತಿದ್ದಿದೆವು. ಅಣ್ಣ ಬಾಗಿಲು ತೆರೆಯುತ್ತಾನೆ. ಅಪ್ಪಿಕೊಳ್ಳಲು ಎರಡೂ ಕೈ ಚಾಚುತ್ತಾನೆ. ತಮ್ಮ ಆ ಕೈಗೆ ತನ್ನ ಬ್ಯಾಗ್ ಕೊಟ್ಟು ಒಳಗೆ ನಡೆಯುತ್ತಾನೆ. ನಾಲ್ಕು ಹೆಜ್ಜೆ ಹೋಗಿ ನಿಲ್ಲುತ್ತಾನೆ. ಯಾವ ಕಡೆ ತಿರುಗಬೇಕೋ ಗೊತ್ತಾಗುವುದಿಲ್ಲ. 'ಬಾತ್‌ರೂಮ್ ಎಲ್ಲಿ?' ಅಷ್ಟೇ ಡೈಲಾಗ್. ಸ್ವಂತ ಅಣ್ಣನ ಮನೆಗೆ ಇವನು ಕಾಲಿಟ್ಟೇ ಇಲ್ಲ ಅಂತ ನೋಡುವವರಿಗೆ ತಾನಾಗಿ ಗೊತ್ತಾಯಿತು, ಅಲ್ವಾ? ಸಿಟ್ಟು ಅನ್ನೋ ಪದವೇ ಬೇಕಾಗಲಿಲ್ಲ.

ಪ್ರೇಕ್ಷಕರು ದಡ್ಡರಲ್ಲ. 1920ರ ಆಸುಪಾಸಿನಲ್ಲಿ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಮುಖದ ಒಂದೇ ಶಾಟ್ ತೆಗೆದುಕೊಂಡು, ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಇನ್ನೊಮ್ಮೆ ಶವಪೆಟ್ಟಿಗೆಯ ಜೊತೆ ಜೋಡಿಸಿದ. ನೋಡಿದವರು ಹಸಿವು ಎಷ್ಟು ಚೆನ್ನಾಗಿ ನಟಿಸಿದ್ದಾನೆ, ದುಃಖ ಎಷ್ಟು ಚೆನ್ನಾಗಿ ನಟಿಸಿದ್ದಾನೆ ಅಂತ ಹೊಗಳಿದರಂತೆ. ಮುಖ ಅದೇ! ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ಮೂರನೆಯ ಅರ್ಥವನ್ನು ಅವರೇ ಹುಟ್ಟಿಸಿಕೊಳ್ಳುತ್ತಾರೆ. ಮತ್ತೆ ನೀವ್ಯಾಕೆ ಎಲ್ಲವನ್ನೂ ಬಿಡಿಸಿ ಹೇಳುತ್ತೀರಿ?

ಸಮಯ ಜಾಸ್ತಿ ಉಳಿದಿಲ್ಲ, ಬೇಗ ಹೇಳುತ್ತೇನೆ. ಪ್ರತಿ ಸೀನಿನ ಮೇಲೆ ಒಳಗೋ ಹೊರಗೋ, ಯಾವ ಜಾಗ, ಹಗಲೋ ರಾತ್ರಿಯೋ ಅಂತ ಬರೆಯಿರಿ. 'ಬಂದ' ಬೇಡ, 'ಬರುತ್ತಾನೆ' ಅನ್ನಿ. ತೆರೆಯ ಮೇಲೆ ಎಲ್ಲವೂ ಈಗಲೇ ನಡೆಯುತ್ತದೆ. ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಅನ್ನೋದು ವಾಡಿಕೆಯ ಲೆಕ್ಕ. ಪಾತ್ರದ ಮನಸ್ಸಿನ ಬಗ್ಗೆ ಅರ್ಧ ಪುಟ ಬರೆದಿದ್ದರೆ, ಆ ಅರ್ಧ ನಿಮಿಷ ತೆರೆಯ ಮೇಲೆ ಏನು ತೋರಿಸುತ್ತೀರಿ?

ಇವತ್ತೇ ನಿಮ್ಮ ಸ್ಕ್ರಿಪ್ಟ್ ತೆಗೆಯಿರಿ. 'ಅನಿಸಿತು', 'ನೆನಪಾಯಿತು', 'ಯೋಚಿಸಿದ' ಇರುವಲ್ಲೆಲ್ಲ ಗೆರೆ ಎಳೆಯಿರಿ. ಆ ಜಾಗದಲ್ಲಿ ಪಾತ್ರದ ಕೈ ಏನು ಮಾಡುತ್ತಿದೆ ಅಂತ ಬರೆಯಿರಿ. ನಮಸ್ಕಾರ.