ಗುರಿಗೆ ಬೇಕಾದ ಗಂಟೆಗಳು

ಕೇಳುಗರಿಗೆ ನಮಸ್ಕಾರ.

ಜೀವನದಲ್ಲಿ ಗುರಿ ಇರಬೇಕು ಎನ್ನುವವರು ಬಹಳ ಜನ. ಆ ಗುರಿಗೆ ವಾರದಲ್ಲಿ ಎಷ್ಟು ಗಂಟೆ ಕೊಡುತ್ತೀರಿ ಎಂದು ಕೇಳುವವರು ಕಡಿಮೆ. ಉದ್ಯೋಗದ ಗುರಿಗೂ ಸ್ವಂತ ಬದುಕಿನ ಗುರಿಗೂ ಸಮಯ ಬರಬೇಕಾದದ್ದು ಒಂದೇ ಕಡೆಯಿಂದ. ಒಂದಕ್ಕೆ ಹೆಚ್ಚು ಕೊಟ್ಟರೆ ಇನ್ನೊಂದಕ್ಕೆ ಕಡಿಮೆಯಾಗುತ್ತದೆ. ಆದ್ದರಿಂದ ಇವೆರಡನ್ನೂ ಒಂದೇ ಹಾಳೆಯ ಮೇಲೆ, ಲೆಕ್ಕ ಹಾಕಿಯೇ ಬರೆಯಬೇಕು.

ವಾರಕ್ಕೆ 168 ಗಂಟೆ. ದಿನಕ್ಕೆ 8 ಗಂಟೆ ನಿದ್ದೆ ಎಂದರೆ 56 ಹೋಯಿತು. ಕೆಲಸಕ್ಕೂ ಹೋಗಿಬರುವುದಕ್ಕೂ 55 ಎಂದಿಟ್ಟುಕೊಳ್ಳಿ. ಅಡುಗೆ, ಊಟ, ಸ್ನಾನ, ಮನೆಗೆಲಸ, ಮನೆಯವರ ಆರೈಕೆಗೆ ದಿನಕ್ಕೆ 5ರಂತೆ 35. ಉಳಿದದ್ದು 22. ಅದರಲ್ಲೂ ಅರ್ಧದಷ್ಟು ದಣಿವಿಗೆ, ಬಂದುಹೋಗುವವರಿಗೆ, ಫೋನಿಗೆ ಸಲ್ಲುತ್ತದೆ. ನಿಜವಾಗಿ ಕೈಗೆ ಸಿಗುವುದು ಹತ್ತು ಗಂಟೆ. ಎಳೆಯ ಮಗು ಇರುವ ಮನೆಯಲ್ಲಿ ಐದು ಸಿಕ್ಕರೆ ಹೆಚ್ಚು. ನಿಮ್ಮ ಅಂಕಿ ಬೇರೆ ಇರಬಹುದು. ಊಹಿಸಬೇಡಿ, ಒಂದು ವಾರ ಪೂರ್ತಿ ಬರೆದಿಟ್ಟು ಕೂಡಿಸಿ ನೋಡಿ.

ಈ ಹತ್ತು ಗಂಟೆಯಲ್ಲಿ ಎಷ್ಟು ಗುರಿ ಹಿಡಿಸುತ್ತವೆ? ಎರಡು. ಉದ್ಯೋಗದ್ದು ಒಂದು, ಸ್ವಂತದ್ದು ಒಂದು. ಏಳು ಗುರಿ ಬರೆದುಕೊಂಡರೆ ಒಂದೊಂದಕ್ಕೆ ವಾರಕ್ಕೆ ಒಂದೂವರೆ ಗಂಟೆಯೂ ಸಿಗುವುದಿಲ್ಲ. ಹೋದ ವಾರ ಎಲ್ಲಿಗೆ ನಿಲ್ಲಿಸಿದ್ದೆವು ಎಂದು ನೆನಪಿಸಿಕೊಳ್ಳುವುದರಲ್ಲೇ ಅದರ ಒಂದು ಪಾಲು ಹೋಗುತ್ತದೆ. ಉಳಿದ ಐದನ್ನು ಹರಿದುಹಾಕಬೇಕಿಲ್ಲ. ಬೇರೆ ಹಾಳೆಯಲ್ಲಿ ಬರೆದು, ಮೂರು ತಿಂಗಳ ನಂತರ ನೋಡುವುದಕ್ಕೆಂದು ಎತ್ತಿಡಿ.

ಗುರಿಯ ಮಾತು ಬಂದಲ್ಲೆಲ್ಲ ಒಂದು ಕಥೆ ಕೇಳಿಬರುತ್ತದೆ. 1953ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಗುರಿ ಬರೆದಿಟ್ಟಿದ್ದ ಶೇಕಡಾ 3ರಷ್ಟು ವಿದ್ಯಾರ್ಥಿಗಳು ಮುಂದೆ ಉಳಿದವರೆಲ್ಲರಿಗಿಂತ ಹೆಚ್ಚು ಸಂಪಾದಿಸಿದರಂತೆ. ಅಂಥ ಅಧ್ಯಯನ ನಡೆದೇ ಇಲ್ಲ. ಅದನ್ನು ನಂಬಿ ಬರೆಯುವುದು ಬೇಡ. ಬರೆಯುವುದಕ್ಕೆ ಬೇರೆ ಒಳ್ಳೆಯ ಕಾರಣವಿದೆ: ಬರೆದ ಗುರಿಯಲ್ಲಿ ಅಂಕಿ ಇಲ್ಲದಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ.

ಅಂಕಿ ಯಾಕೆ ಬೇಕು? ಮನೋವಿಜ್ಞಾನಿ ಎಡ್ವಿನ್ ಲಾಕ್ 1968ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. 'ಕೈಲಾದಷ್ಟು ಮಾಡು' ಎಂದು ಹೇಳಿಸಿಕೊಂಡವರಿಗಿಂತ, ನಿಖರವಾದ, ತುಸು ಕಷ್ಟದ ಗುರಿ ಒಪ್ಪಿಕೊಂಡವರು ಹೆಚ್ಚು ಸಾಧಿಸುತ್ತಾರೆ ಎಂಬುದು ಅದರ ತಿರುಳು. ಆಮೇಲಿನ ಪ್ರಯೋಗಗಳೂ ಇದನ್ನು ಮತ್ತೆ ಮತ್ತೆ ತೋರಿಸಿವೆ. ಆದರೆ ಇದಕ್ಕೊಂದು ಮಿತಿ ಇದೆ, ಅದನ್ನು ಬಹಳ ಮಂದಿ ಮರೆಯುತ್ತಾರೆ. ಕೆಲಸವೇ ಹೊಸದಾಗಿದ್ದು, ಹೇಗೆ ಮಾಡಬೇಕೆಂದೇ ತಿಳಿಯದಿದ್ದಾಗ ಫಲಿತಾಂಶದ ಅಂಕಿ ಹಿಡಿದು ಕೂತರೆ ಗಾಬರಿ ಹೆಚ್ಚುತ್ತದೆ, ಕಲಿಕೆ ಕುಂಟುತ್ತದೆ. ಹೊಸದಾಗಿ ಮಾರಾಟದ ಕೆಲಸಕ್ಕೆ ಸೇರಿದವರು 'ಈ ತಿಂಗಳು 20 ಗಿರಾಕಿ' ಎಂದು ಬರೆಯುವ ಬದಲು, 'ಗಿರಾಕಿ ಬೇಡವೆನ್ನಲು ಕಾರಣವಾಗುವ 5 ಆಕ್ಷೇಪಗಳನ್ನು ಗುರುತಿಸಿ, ಒಂದೊಂದಕ್ಕೂ ಉತ್ತರ ಸಿದ್ಧಮಾಡುತ್ತೇನೆ' ಎಂದು ಬರೆಯಲಿ. ಕೈ ಪಳಗಿದ ಮೇಲೆ 20ಕ್ಕೆ ಹೋಗಲಿ.

ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ: ಇದು ಯಾರ ಕೈಯಲ್ಲಿದೆ? 'ಈ ವರ್ಷ ಬಡ್ತಿ' ಎಂಬುದು ಮೇಲಧಿಕಾರಿಯ ಕೈಯಲ್ಲಿದೆ, ಖಾಲಿ ಹುದ್ದೆಯ ಕೈಯಲ್ಲಿದೆ. ಆ ಹುದ್ದೆಗೆ ಬೇಕಾದ ಪರೀಕ್ಷೆ ಪಾಸು ಮಾಡುವುದು ನಿಮ್ಮ ಕೈಯಲ್ಲಿ ಬಹುಮಟ್ಟಿಗೆ ಇದೆ. ವಾರಕ್ಕೆ 6 ಗಂಟೆ ಓದುವುದು ಪೂರ್ತಿ ನಿಮ್ಮದೇ. ಮೂರನ್ನೂ ಬರೆಯಿರಿ, ಆದರೆ ವಾರವಾರ ಅಳೆಯುವುದು ಕೊನೆಯದನ್ನು ಮಾತ್ರ.

ಈಗ ಗಡುವು. ಪರೀಕ್ಷೆಗೆ 240 ಗಂಟೆ ಓದು ಬೇಕೆಂದುಕೊಳ್ಳೋಣ. ವಾರಕ್ಕೆ 6 ಗಂಟೆಯಾದರೆ 40 ವಾರ. ಆದರೆ 40 ಎಂದು ಬರೆಯಬೇಡಿ, 60 ಎಂದು ಬರೆಯಿರಿ. ನಮ್ಮ ಅಂದಾಜು ಯಾವಾಗಲೂ ಕಡಿಮೆಯ ಕಡೆಗೇ ವಾಲುತ್ತದೆ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 34 ದಿನ ಸಾಕೆಂದಿದ್ದರು, ಹಿಡಿದದ್ದು 55 ದಿನಕ್ಕೂ ಹೆಚ್ಚು. ಅಂದಾಜು ಮಾಡುವಾಗ ಮನಸ್ಸಿನಲ್ಲಿ ಜ್ವರ ಬರುವುದಿಲ್ಲ, ಮದುವೆ ಮನೆಗೆ ಹೋಗಬೇಕಾಗುವುದಿಲ್ಲ. ಹಾಗಾಗಿ ಒಂದೂವರೆ ಪಟ್ಟು ಎಂಬುದು ಸೋಮಾರಿತನಕ್ಕೆ ಕೊಟ್ಟ ರಿಯಾಯಿತಿಯಲ್ಲ. ಪರೀಕ್ಷೆಯ ದಿನಾಂಕ ಮೊದಲೇ ನಿಗದಿಯಾಗಿದ್ದರೆ ವಾರದ ಗಂಟೆಯನ್ನು 9ಕ್ಕೆ ಏರಿಸಬೇಕು. ಆಗ ಸ್ವಂತದ ಗುರಿಗೆ ಉಳಿಯುವುದು ಒಂದೇ ಗಂಟೆ ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿಬಿಡಿ.

ಹಣದ ಗುರಿಗೂ ಇದೇ ಲೆಕ್ಕ. ಆರು ತಿಂಗಳ ಖರ್ಚಿನಷ್ಟು ಆಪತ್ತಿಗೆಂದು ಕೂಡಿಡಬೇಕು ಎನ್ನುತ್ತಾರೆ. ಆದಾಯ 100, ಖರ್ಚು 80 ಆಗಿದ್ದರೆ ಬೇಕಾದದ್ದು 480. ತಿಂಗಳಿಗೆ 10 ಉಳಿಸಿದರೆ 48 ತಿಂಗಳು, 20 ಉಳಿಸಿದರೆ 24. ಒಂದು ವರ್ಷದಲ್ಲಿ ಮುಗಿಸುತ್ತೇನೆ ಎಂದು ಹೊರಟವರು ಆರನೇ ತಿಂಗಳಲ್ಲಿ ನಿರಾಶರಾಗುವುದು ಶಿಸ್ತಿನ ಕೊರತೆಯಿಂದಲ್ಲ, ಈ ಭಾಗಾಕಾರ ಮಾಡದೆ ಇದ್ದದ್ದರಿಂದ.

ಗಂಟೆ ಗೊತ್ತಾಯಿತು, ಅವು ದಿನದಲ್ಲಿ ಎಲ್ಲಿ ಕೂರುತ್ತವೆ? 'ಸಮಯ ಸಿಕ್ಕಾಗ ಓದುತ್ತೇನೆ' ಎಂದರೆ ಸಮಯ ಸಿಗುವುದಿಲ್ಲ. ಈಗಾಗಲೇ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಅದನ್ನು ಗಂಟುಹಾಕಿ: 'ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಮೇಜಿನ ಮುಂದೆ ಕೂತು ಒಂದು ಗಂಟೆ ಓದುತ್ತೇನೆ.' ಜೊತೆಗೆ ಅಡ್ಡಿಗೂ ಒಂದು ವಾಕ್ಯ: 'ಕೆಲಸದಿಂದ ತಡವಾಗಿ ಬಂದರೆ, ಅವತ್ತು 15 ನಿಮಿಷ ಹಳೆಯ ಟಿಪ್ಪಣಿ ತಿರುವಿಹಾಕುತ್ತೇನೆ.' ಪೀಟರ್ ಗೋಲ್‌ವಿಟ್ಜರ್ ಎಂಬ ಮನೋವಿಜ್ಞಾನಿ 'ಹೀಗಾದರೆ ಹೀಗೆ ಮಾಡುತ್ತೇನೆ' ಎಂಬ ಈ ಬಗೆಯ ಸಂಕಲ್ಪದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ದಣಿದ ಹೊತ್ತಿನಲ್ಲಿ ಯೋಚಿಸಿ ನಿರ್ಧರಿಸುವ ಹೊರೆಯೇ ಇರುವುದಿಲ್ಲ, ಇದರ ಬಲ ಅಲ್ಲಿದೆ.

ಒಂದು ದಿನ ತಪ್ಪಿದರೆ? ಲಂಡನ್ನಿನಲ್ಲಿ 96 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ ಹೊಸ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಹಿಡಿಯಿತು, ಕೆಲವರಿಗೆ 18, ಕೆಲವರಿಗೆ 254. ಮಧ್ಯೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿ ಆಗಲಿಲ್ಲ. ತಪ್ಪಿದ ದಿನದ ಬಾಕಿಯನ್ನು ಮರುದಿನ ಎರಡು ಪಟ್ಟು ತೀರಿಸಲು ಹೋಗಬೇಡಿ, ಹಾಗೆ ಮಾಡಿದಾಗಲೇ ಮೂರನೇ ದಿನ ಎಲ್ಲವೂ ಕೈಬಿಟ್ಟುಹೋಗುವುದು.

ವಾರಕ್ಕೊಮ್ಮೆ, ಗೊತ್ತಾದ ಹೊತ್ತಿನಲ್ಲಿ, 20 ನಿಮಿಷ ಕೂತು ಮೂರು ಸಾಲು ಬರೆಯಿರಿ: ಎಷ್ಟು ಗಂಟೆ ಅಂದುಕೊಂಡಿದ್ದು, ಎಷ್ಟು ಆಯಿತು, ಯಾವುದು ಅಡ್ಡ ಬಂತು. ಸತತ ನಾಲ್ಕು ವಾರ ಅರ್ಧದಷ್ಟೂ ಆಗದಿದ್ದರೆ ಗಂಟೆಯನ್ನು ಇಳಿಸಿ, ಗಡುವನ್ನು ಮುಂದಕ್ಕೆ ಹಾಕಿ. 12 ವಾರಕ್ಕೂ ಸರಿಹೋಗದಿದ್ದರೆ ಆ ಗುರಿಯನ್ನು ಬಿಡಬಹುದು. ಆದರೆ ಬಿಡುವ ಷರತ್ತನ್ನು ಶುರುವಿನ ದಿನವೇ ಹಾಳೆಯ ಕೆಳಗೆ ಬರೆದಿಟ್ಟಿರಬೇಕು. ಆಗ ಬೇಸರ ಬಂದ ಒಂದು ಸಂಜೆಯ ತೀರ್ಮಾನಕ್ಕೆ ಅದು ಬಲಿಯಾಗುವುದಿಲ್ಲ. ಬಿಟ್ಟ ಗುರಿಯ ಗಂಟೆಗಳನ್ನು ಯಾವುದಕ್ಕೆ ಕೊಡಬೇಕೆಂದು, ಎತ್ತಿಟ್ಟ ಆ ಇನ್ನೊಂದು ಹಾಳೆ ತೆರೆದು ನೋಡಿ.

ನಮಸ್ಕಾರ.