ವೆಲ್ಸ್ ಕಥೆಗಳ ಜಮಾ-ಖರ್ಚು

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ ತನ್ನ ಹೆಸರು ಉಳಿಸಿದ ಐದು ಕಾದಂಬರಿಗಳನ್ನು ಏಳು ವರ್ಷದೊಳಗೆ ಪ್ರಕಟಿಸಿದ. 1895ರಲ್ಲಿ ‘ದಿ ಟೈಮ್ ಮಷೀನ್’, 1896ರಲ್ಲಿ ‘ದಿ ಐಲ್ಯಾಂಡ್ ಆಫ್ ಡಾಕ್ಟರ್ ಮೊರೊ’, 1897ರಲ್ಲಿ ‘ದಿ ಇನ್‌ವಿಸಿಬಲ್ ಮ್ಯಾನ್’, 1898ರಲ್ಲಿ ‘ದಿ ವಾರ್ ಆಫ್ ದ ವರ್ಲ್ಡ್ಸ್’, 1901ರಲ್ಲಿ ‘ದಿ ಫಸ್ಟ್ ಮೆನ್ ಇನ್ ದ ಮೂನ್’. ಇವುಗಳ ವಿಜ್ಞಾನ ಬಹುಪಾಲು ಹಳಸಿಹೋಗಿದೆ. ಮಂಗಳನಲ್ಲಿ ಬುದ್ಧಿಜೀವಿಗಳಿಲ್ಲ, ಚಂದ್ರನ ಮೇಲೆ ಉಸಿರಾಡಲು ಗಾಳಿಯಿಲ್ಲ. ಆದರೂ ಪುಸ್ತಕ ಕೈಗೆತ್ತಿಕೊಂಡರೆ ಇಂದಿಗೂ ಕೆಳಗಿಡಲಾಗುವುದಿಲ್ಲ. ಯಾಕೆ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, ‘ಅವನು ಭವಿಷ್ಯ ನುಡಿದಿದ್ದ’ ಎಂಬುದು. 1903ರ ‘ದಿ ಲ್ಯಾಂಡ್ ಐರನ್‌ಕ್ಲಾಡ್ಸ್’ ಕಥೆಯ ಯುದ್ಧ ಟ್ಯಾಂಕನ್ನು ಉದಾಹರಣೆಯಾಗಿ ಕೊಡುತ್ತಾರೆ. ನಿಜವಾದ ಭವಿಷ್ಯವಾಣಿ ನಿಜವಾದ ಮರುದಿನವೇ ಹಳೇ ಸುದ್ದಿಯಾಗುತ್ತದೆ. ಅದಕ್ಕಾಗಿ ಯಾರೂ ಕಾದಂಬರಿ ಓದುವುದಿಲ್ಲ.

ಗುಟ್ಟನ್ನು ಅವನೇ ಬಿಟ್ಟುಕೊಟ್ಟಿದ್ದಾನೆ. 1933ರಲ್ಲಿ ತನ್ನ ಕಾದಂಬರಿಗಳ ಸಂಪುಟಕ್ಕೆ ಬರೆದ ಮುನ್ನುಡಿಯಲ್ಲಿ ಹೇಳುವ ನಿಯಮದ ತಾತ್ಪರ್ಯ ಇಷ್ಟು: ಒಂದು ಕಥೆಗೆ ಒಂದೇ ಅಸಾಧ್ಯ. ಅದನ್ನು ಹೇಗಾದರೂ ಮಾಡಿ ಓದುಗ ಒಪ್ಪುವಂತೆ ಮಾಡಬೇಕು. ಆಮೇಲೆ ಉಳಿದದ್ದೆಲ್ಲ ನಮ್ಮ ನಿಮ್ಮ ಬೀದಿಯಲ್ಲಿ ನಡೆಯುವ ಹಾಗೇ ನಡೆಯಬೇಕು. ಏನು ಬೇಕಾದರೂ ಆಗಬಹುದಾದ ಲೋಕದಲ್ಲಿ ಯಾವುದೂ ಕುತೂಹಲ ಹುಟ್ಟಿಸುವುದಿಲ್ಲ. ನಾನು ಇದಕ್ಕೆ ಸೇರಿಸುವ ಮಾತು ಒಂದೇ. ವೆಲ್ಸ್ ಆ ಒಂದು ಅಸಾಧ್ಯವನ್ನು ಜಮಾ ಬದಿಗೆ ಬರೆದು, ಖರ್ಚಿನ ಬದಿಯನ್ನು ಕಾಸು ಕಾಸಾಗಿ ತುಂಬಿಸುತ್ತಾನೆ. ಅಪ್ಪ ಬ್ರೋಮ್ಲಿಯಲ್ಲಿ ಪಿಂಗಾಣಿ ಪಾತ್ರೆ, ಕ್ರಿಕೆಟ್ ಸಾಮಾನು ಮಾರುತ್ತಿದ್ದ ಸಣ್ಣ ಅಂಗಡಿಕಾರ. ಮಗ ಸೌತ್‌ಸೀಯ ಬಟ್ಟೆ ಅಂಗಡಿಯಲ್ಲಿ ದುಡಿದು ಬೇಸತ್ತು ಬಿಟ್ಟುಬಂದವನು. 1884ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಟಿ. ಎಚ್. ಹಕ್ಸ್‌ಲಿಯ ಬಳಿ ಜೀವಶಾಸ್ತ್ರ ಕಲಿತ. ಅವನು ಕಾದಂಬರಿಕಾರನಾಗುವ ಮೊದಲೇ 1893ರಲ್ಲಿ ಜೀವಶಾಸ್ತ್ರದ ಪಠ್ಯಪುಸ್ತಕ ಬರೆದಿದ್ದ. ಅಂಗಡಿ ಮತ್ತು ಪ್ರಯೋಗಶಾಲೆ ಎರಡೂ ಕಲಿಸುವುದು ಲೆಕ್ಕ ಇಡುವುದನ್ನೇ.

ಅದೃಶ್ಯ ಮನುಷ್ಯನನ್ನೇ ಹತ್ತಿರದಿಂದ ನೋಡೋಣ. ಆ ಕಾದಂಬರಿಯಲ್ಲಿ ಅದೃಶ್ಯನಾಗುವ ಗ್ರಿಫಿನ್ ತನ್ನ ಸಿದ್ಧಾಂತವನ್ನು ಡಾಕ್ಟರ್ ಕೆಂಪ್‌ಗೆ ವಿವರಿಸುವಾಗ ಕಾಗದದ ಉದಾಹರಣೆ ಕೊಡುತ್ತಾನೆ. ಕಾಗದದ ಎಳೆಗಳು ಸ್ವತಃ ಪಾರದರ್ಶಕ. ಎಳೆಗಳ ನಡುವಿನ ಗಾಳಿಯಿಂದಾಗಿ ಬೆಳಕು ಪ್ರತಿ ಮೈಯಲ್ಲೂ ಬಾಗಿ, ಚೆದುರಿ ಬಿಳಿಯಾಗಿ ಕಾಣುತ್ತದೆ. ಎಣ್ಣೆ ಸುರಿದರೆ ಆ ಸಂದುಗಳು ತುಂಬಿಕೊಂಡು ಕಾಗದದ ಮೂಲಕ ಬೆಳಕು ಹಾಯುತ್ತದೆ. ಬೋಂಡ ಕಟ್ಟಿಕೊಟ್ಟ ಕಾಗದ ನೋಡಿದವರಿಗೆ ಇದು ಹೊಸತೇನಲ್ಲ. ಇದು ಸರಿಯಾದ ಭೌತಶಾಸ್ತ್ರವೇ. ಬೋರೋಸಿಲಿಕೇಟ್ ಗಾಜಿನ ಕಡ್ಡಿಯನ್ನು ಗ್ಲಿಸರಿನ್‌ನಲ್ಲಿ ಅದ್ದಿ ನೋಡಿ. ಎರಡರ ವಕ್ರೀಭವನ ಸೂಚ್ಯಂಕವೂ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 1.47, ಹಾಗಾಗಿ ಕಡ್ಡಿ ಕಣ್ಣಿಗೆ ಕಾಣುವುದೇ ಇಲ್ಲ. ಗ್ರಿಫಿನ್ ಮಾಡುವುದು ದೇಹದ ಸೂಚ್ಯಂಕವನ್ನು ಗಾಳಿಯ ಮಟ್ಟಕ್ಕೆ, ಅಂದರೆ ಹೆಚ್ಚುಕಮ್ಮಿ 1ಕ್ಕೆ ಇಳಿಸುವ ಕೆಲಸ. ನೀರಿನದ್ದೇ 1.33 ಇರುವಾಗ, ಬಹುಪಾಲು ನೀರಾಗಿರುವ ದೇಹವನ್ನು 1ಕ್ಕೆ ತರುವುದು ಹೇಗೆ? ಇದೇ ಆ ಒಂದು ಅಸಾಧ್ಯ. ಇಲ್ಲಿ ವೆಲ್ಸ್ ಬೇಗ ಮುಂದೆ ಹೋಗಿಬಿಡುತ್ತಾನೆ, ಅದೇ ಜಾಣತನ.

ಆಮೇಲೆ ಖರ್ಚು ಶುರು. ದೇಹ ಕಾಣದಿದ್ದರೂ ಬಟ್ಟೆ ಕಾಣುತ್ತದೆ, ಆದ್ದರಿಂದ ಜನವರಿಯ ಲಂಡನ್ನಿನಲ್ಲಿ ಬರಿಮೈಯಲ್ಲಿ ಓಡಾಡಬೇಕು. ಉಂಡ ಅನ್ನ ಜೀರ್ಣವಾಗುವ ತನಕ ಹೊಟ್ಟೆಯೊಳಗೆ ಕಾಣುತ್ತದೆ. ಹಿಮ ಬಿದ್ದರೆ ಮೈಮೇಲೆ ನಿಂತು ಆಕಾರ ಬಯಲಾಗುತ್ತದೆ, ಮಳೆಗೂ ಅದೇ ಗತಿ. ನಾಯಿಗೆ ವಾಸನೆ ಸಿಗುತ್ತದೆ. ಆಗಷ್ಟೇ ಬಿಳುಪು ಮಾಡಿದ ಮೆಟ್ಟಿಲ ಮೇಲೆ ಕೆಸರಿನ ಬರಿಗಾಲ ಗುರುತು ಮೂಡಿದಾಗ ಬೀದಿ ಹುಡುಗರು ಅದರ ಹಿಂದೆ ಬೀಳುತ್ತಾರೆ. ರೆಪ್ಪೆ ಮುಚ್ಚಿದರೂ ಬೆಳಕು ಒಳಗೆ ಬರುವುದರಿಂದ ನಿದ್ದೆಗೆ ಹೊದಿಕೆಯನ್ನು ಕಣ್ಣಿನ ಮೇಲೆ ಎಳೆದುಕೊಳ್ಳಬೇಕು. ಜಗತ್ತನ್ನೇ ಆಳಬಹುದು ಅಂದುಕೊಂಡವನು ಐಪಿಂಗ್ ಎಂಬ ಹಳ್ಳಿಯ ಹೋಟೆಲಿನಲ್ಲಿ ಬಾಕಿ ಬಿಲ್ಲಿನ ವಿಷಯಕ್ಕೆ ಮಾಲಕಿಯ ಜೊತೆ ಜಗಳಕ್ಕೆ ನಿಲ್ಲುತ್ತಾನೆ.

ಒಂದು ಖರ್ಚು ಮಾತ್ರ ಬರೆದಿಲ್ಲ. ಕಣ್ಣಿನ ಮಸೂರ ಬೆಳಕನ್ನು ಬಾಗಿಸದಿದ್ದರೆ ಬಿಂಬವಿಲ್ಲ. ಅಕ್ಷಿಪಟ ಬೆಳಕನ್ನು ಹೀರದಿದ್ದರೆ ನೋಟವಿಲ್ಲ. ಪೂರ್ತಿ ಅದೃಶ್ಯನಾದವನು ಪೂರ್ತಿ ಕುರುಡ. ರಷ್ಯದ ಜನಪ್ರಿಯ ವಿಜ್ಞಾನ ಲೇಖಕ ಯಾಕೊವ್ ಪೆರೆಲ್ಮನ್ ಇದನ್ನು ಎತ್ತಿ ತೋರಿಸಿದ್ದು ಪ್ರಸಿದ್ಧ. ಆದರೆ ವೆಲ್ಸ್‌ಗೆ ಈ ಎಡವಟ್ಟಿನ ಅಂದಾಜು ಇತ್ತೆಂದು ಪುಸ್ತಕವೇ ಹೇಳುತ್ತದೆ. ಗ್ರಿಫಿನ್ ಮೊದಲು ಪ್ರಯೋಗ ಮಾಡುವ ಬೆಕ್ಕು ಮಾಯವಾದರೂ ಅದರ ಕಣ್ಣಿನ ಹಿಂಭಾಗದ ಹೊಳಪು ಪೊರೆ ಮಾಯವಾಗದೆ ಉಳಿಯುತ್ತದೆ. ಸಮಸ್ಯೆಯನ್ನು ಬೆಕ್ಕಿನ ತಲೆಗೆ ಕಟ್ಟಿ ಮನುಷ್ಯನನ್ನು ಪಾರು ಮಾಡಿದ ಈ ಕೈಚಳಕಕ್ಕೆ ನಗಬೇಕೋ ಮೆಚ್ಚಬೇಕೋ ಗೊತ್ತಾಗುವುದಿಲ್ಲ.

ಟೈಮ್ ಮಷೀನ್‌ನಲ್ಲೂ ಅದೇ ಕ್ರಮ. ಯಂತ್ರ ಹೇಗೆ ಓಡುತ್ತದೆ ಎಂದು ವಿವರಣೆಯಿಲ್ಲ. ನಿಕ್ಕಲ್, ದಂತ, ಸ್ಫಟಿಕದ ಭಾಗಗಳಿವೆ, ಕೂರಲು ಆಸನವಿದೆ, ಓಡಿಸಲು ಎರಡು ಸನ್ನೆಗಳಿವೆ (ಲಿವರ್). ಯಾರೂ ಓಡಿಸಿಕೊಂಡು ಹೋಗಬಾರದೆಂದು ಪ್ರಯಾಣಿಕ ಆ ಸನ್ನೆಗಳನ್ನು ಕಳಚಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಇಸವಿ 8,02,701. ಮನುಕುಲ ಮೇಲಿನ ಎಲೋಯ್ ಮತ್ತು ನೆಲದಡಿಯ ಮಾರ್ಲಾಕ್ ಎಂದು ಎರಡಾಗಿ ಒಡೆದಿದೆ. ಇಂಥ ಭಾರಿ ಕಲ್ಪನೆಯ ನಡುವೆ ಓದುಗನ ಎದೆ ಬಡಿದುಕೊಳ್ಳುವುದು ಬೆಂಕಿಕಡ್ಡಿಯ ಲೆಕ್ಕಕ್ಕೆ. ಮಾರ್ಲಾಕ್‌ಗಳು ಬೆಳಕಿಗೆ ಹೆದರುತ್ತವೆ. ಕಡ್ಡಿಗಳು ನಾಲ್ಕಕ್ಕೆ ಇಳಿಯುತ್ತವೆ. ಪಾಳುಬಿದ್ದ ವಸ್ತುಸಂಗ್ರಹಾಲಯದಲ್ಲಿ ಗಾಳಿಯಾಡದ ಪೆಟ್ಟಿಗೆಯೊಳಗೆ ಹೊಸ ಪೊಟ್ಟಣ ಸಿಗುತ್ತದೆ. ಕೊನೆಗೆ ಕತ್ತಲಲ್ಲಿ ಮಾರ್ಲಾಕ್‌ಗಳು ಮುತ್ತಿಕೊಂಡಾಗ ಕಡ್ಡಿ ಗೀರಲು ಹೋದರೆ ಅದು ಪೊಟ್ಟಣದ ಪಟ್ಟಿಯ ಮೇಲೆ ಮಾತ್ರ ಹತ್ತುವ ಜಾತಿಯದ್ದು, ಪೊಟ್ಟಣ ಕೈಯಲ್ಲಿಲ್ಲ. ಎಂಟು ಲಕ್ಷ ವರ್ಷಗಳಾಚೆಯ ಲೋಕವನ್ನು ನಾವು ನಂಬುವುದು ಇಂಥ ಕಡೆ.

ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್‌ಗೆ ಈ ದಾರಿ ಹಿಡಿಸಲಿಲ್ಲ. ತಾನು ಚಂದ್ರನತ್ತ ಜನರನ್ನು ಫಿರಂಗಿ ಗುಂಡಿನೊಳಗೆ ಕೂರಿಸಿ ಕಳಿಸಿದೆ, ವೆಲ್ಸ್ ಗುರುತ್ವಾಕರ್ಷಣೆಯನ್ನೇ ತಡೆಯುವ ಲೋಹ ಕಟ್ಟಿದ್ದಾನೆ, ಎಲ್ಲಿದೆ ಆ ಲೋಹ, ತೋರಿಸಲಿ ಎಂದು ಸಂದರ್ಶನವೊಂದರಲ್ಲಿ ಗೊಣಗಿದ. ವಸ್ತುಸ್ಥಿತಿ ಏನೆಂದರೆ ವರ್ನ್‌ನ ಫಿರಂಗಿ ಹಾರಿದ ಕ್ಷಣದ ವೇಗವೃದ್ಧಿಗೆ ಪ್ರಯಾಣಿಕರು ಅಪ್ಪಚ್ಚಿಯಾಗುತ್ತಾರೆ. ಅಸಾಧ್ಯ ಇಬ್ಬರಲ್ಲೂ ಇದೆ. ವೆಲ್ಸ್ ಅದನ್ನು ಮುಚ್ಚಿಡುವುದಿಲ್ಲ, ಅಷ್ಟೇ ವ್ಯತ್ಯಾಸ.

‘ದಿ ವಾರ್ ಆಫ್ ದ ವರ್ಲ್ಡ್ಸ್’ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಮಂಗಳದವರು ಇಂಗ್ಲೆಂಡಿನ ಮೇಲೆ ದಾಳಿ ಮಾಡುವ, ಎಲ್ಲರಿಗೂ ಗೊತ್ತಿರುವ ಕಥೆ. ವೆಲ್ಸ್ ವೋಕಿಂಗ್‌ನಲ್ಲಿ ಮನೆ ಮಾಡಿಕೊಂಡಿದ್ದಾಗ ಸೈಕಲ್ ತುಳಿದು ಯಾವ ಬೀದಿ, ಯಾವ ಬಯಲು ಸುಡಬೇಕೆಂದು ನೋಡಿಕೊಂಡು ಬರುತ್ತಿದ್ದ. ಹಾರ್ಸೆಲ್ ಬಯಲು, ವೇಬ್ರಿಜ್, ಪ್ರಿಮ್‌ರೋಸ್ ಹಿಲ್ ಎಲ್ಲ ನಿಜವಾದ ಜಾಗಗಳು. ಮೊದಲ ಅಧ್ಯಾಯದಲ್ಲೇ ಯುರೋಪಿನ ವಲಸಿಗರು ಟಾಸ್ಮೇನಿಯನ್ನರನ್ನು ನಿರ್ಮೂಲ ಮಾಡಿದ್ದನ್ನು ನೆನಪಿಸಿ, ಇನ್ನು ಮಂಗಳದವರನ್ನು ಯಾವ ಬಾಯಲ್ಲಿ ದೂರುತ್ತೀರಿ ಎಂದು ಕೇಳುತ್ತಾನೆ. ವಸಾಹತುಶಾಹಿ ಉಚ್ಛ್ರಾಯದಲ್ಲಿದ್ದಾಗ, ಲಂಡನ್ನಿನ ಓದುಗರಿಗೆ.

ಈಗ ಪರಮಾಣು ಬಾಂಬಿಗೆ ಬರೋಣ. ರಸಾಯನಶಾಸ್ತ್ರಜ್ಞ ಫ್ರೆಡ್ರಿಕ್ ಸಾಡಿಯ ರೇಡಿಯಂ ಕುರಿತ ಪುಸ್ತಕ ಓದಿ 1914ರಲ್ಲಿ ವೆಲ್ಸ್ ಪ್ರಕಟಿಸಿದ ‘ದಿ ವರ್ಲ್ಡ್ ಸೆಟ್ ಫ್ರೀ’ಯಲ್ಲಿ ‘ಅಟಾಮಿಕ್ ಬಾಂಬ್’ ಎಂಬ ಮಾತು ಬರುತ್ತದೆ. ವಿವರ ಮಾತ್ರ ತಪ್ಪು. ಅವನ ಬಾಂಬು ಒಮ್ಮೆಲೇ ಸಿಡಿಯುವುದಿಲ್ಲ. ಕ್ಯಾರೊಲಿನಂ ಎಂಬ ಕಲ್ಪಿತ ಧಾತು 17 ದಿನಗಳ ಅರ್ಧಾಯುಷ್ಯದ ಲೆಕ್ಕದಲ್ಲಿ, ಅಂದರೆ 17 ದಿನಕ್ಕೊಮ್ಮೆ ಶಕ್ತಿ ಅರ್ಧಕ್ಕಿಳಿಯುತ್ತಾ, ಉರಿಯುತ್ತಲೇ ಇರುತ್ತದೆ. ಅದನ್ನು ವಿಮಾನದಿಂದ ಕೈಯಲ್ಲೇ ಎತ್ತಿ ಎಸೆಯುತ್ತಾರೆ. ಒಂದು ಪರಮಾಣು ಒಡೆದು ಮುಂದಿನವನ್ನು ಒಡೆಯುತ್ತಾ ಹೋಗುವ ಸರಪಳಿ ಕ್ರಿಯೆಯ ಕಲ್ಪನೆ ಅವನಲ್ಲಿಲ್ಲ. ಅದು ಹೊಳೆದದ್ದು 1933ರಲ್ಲಿ ಭೌತಶಾಸ್ತ್ರಜ್ಞ ಲಿಯೋ ಸಿಲಾರ್ಡ್‌ಗೆ. ಅದಕ್ಕೆ ಹಿಂದಿನ ವರ್ಷ ಆತ ಈ ಕಾದಂಬರಿ ಓದಿದ್ದ. ಉರಿ ನಿಂತ ಮೇಲೂ ವಿಷವಾಗಿಯೇ ಉಳಿದ ನಗರಗಳ ಚಿತ್ರ ಮಾತ್ರ ಇಂದು ಓದಿದರೂ ಮೈ ಜುಂ ಎನ್ನುತ್ತದೆ. ಇಲ್ಲೂ ಗೆದ್ದದ್ದು ಖರ್ಚಿನ ಬದಿಯೇ.

ವಿಜ್ಞಾನ ಬಿಟ್ಟು ಬರೆದಾಗಲೂ ಈ ಬುದ್ಧಿ ಹೋಗಲಿಲ್ಲ. 1905ರ ‘ಕಿಪ್ಸ್’ನಲ್ಲಿ ಬಟ್ಟೆ ಅಂಗಡಿ ಹುಡುಗನಿಗೆ ಏಕಾಏಕಿ ಆಸ್ತಿ ಬರುತ್ತದೆ, ಒಂದೇ ಒಂದು ಅದೃಷ್ಟ, ಉಳಿದದ್ದೆಲ್ಲ ಅದರ ಪಾಡು. 1913ರ ‘ಲಿಟಲ್ ವಾರ್ಸ್’ ಆಟಿಕೆ ಸೈನಿಕರ ಆಟದ ನಿಯಮಗಳ ಪುಸ್ತಕ. ಕಾಲಾಳು ಒಂದು ನಡೆಗೆ ಒಂದು ಅಡಿ, ಕುದುರೆ ಸವಾರ ಎರಡು ಅಡಿ. ಫಿರಂಗಿಯ ಆರು ಇಂಚಿನೊಳಗೆ ನಾಲ್ವರು ಸೈನಿಕರಿಲ್ಲದಿದ್ದರೆ ಅದು ಹಾರುವಂತಿಲ್ಲ. ಕಾದಂಬರಿಯ ಶಿಸ್ತೇ ಇಲ್ಲಿ ನೆಲಹಾಸಿನ ಮೇಲೆ ಇಳಿದಿದೆ.

ಅವನು ಸೋಲುವುದು ಲೆಕ್ಕ ಬಿಟ್ಟು ಬೋಧನೆಗೆ ನಿಂತಾಗ. 1933ರ ‘ದಿ ಶೇಪ್ ಆಫ್ ಥಿಂಗ್ಸ್ ಟು ಕಮ್’ನಲ್ಲಿ ಲೋಕವನ್ನೆಲ್ಲ ಒಂದೇ ಸರ್ಕಾರ ಸರಿಪಡಿಸುತ್ತದೆ. ಎಲ್ಲವೂ ಸಾಧ್ಯವಾಗಿಬಿಟ್ಟ ಕಡೆ ಯಾರ ಕಡ್ಡಿಯೂ ಮುಗಿಯುವುದಿಲ್ಲ. ಅರ್ಧಕ್ಕೆ ಮಡಚಿಟ್ಟರೆ ನಷ್ಟವೇನಿಲ್ಲ.

ಕನ್ನಡಕ್ಕೆ ತರಬಯಸುವವರಿಗೆ ಒಂದೆರಡು ಮಾತು. ಭಾರತದಲ್ಲಿ ಲೇಖಕನ ಮರಣಾನಂತರ 60 ವರ್ಷ ಹಕ್ಕುಸ್ವಾಮ್ಯ. ವೆಲ್ಸ್ ತೀರಿಕೊಂಡದ್ದು 1946ರಲ್ಲಿ, ಹಾಗಾಗಿ ಅವನ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು 2007ರ ಜನವರಿಯಿಂದ ಇಲ್ಲಿ ಮುಕ್ತ. ಆದರೆ ಯಾವ ಪಾಠ (ಆವೃತ್ತಿ) ಎಂದು ಮೊದಲು ನೋಡಿಕೊಳ್ಳಿ. ‘ಟೈಮ್ ಮಷೀನ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಸಂಪಾದಕ ಹೆನ್ಲಿಯ ಒತ್ತಾಯಕ್ಕೆ ಸೇರಿಸಿದ, ಮನುಷ್ಯನ ಸಂತತಿ ಕಾಂಗರೂವಿನಂಥ ಪ್ರಾಣಿಯಾಗಿರುವ ಭಾಗವನ್ನು ಪುಸ್ತಕದಲ್ಲಿ ಕೈಬಿಟ್ಟ. ‘ದಿ ಕಂಟ್ರಿ ಆಫ್ ದ ಬ್ಲೈಂಡ್’ ಕಥೆಗಂತೂ ಎರಡು ಕೊನೆಗಳಿವೆ. 1904ರದ್ದರಲ್ಲಿ, ಕುರುಡರೇ ಇರುವ ಕಣಿವೆಗೆ ಬಂದು ಸಿಕ್ಕಿಕೊಂಡ ಕಣ್ಣಿರುವ ನೂನೆಜ್ ಒಬ್ಬನೇ ಬೆಟ್ಟ ಹತ್ತಿ ನಕ್ಷತ್ರಗಳ ಕೆಳಗೆ ಮಲಗುತ್ತಾನೆ. 1939ರದ್ದರಲ್ಲಿ ಬಂಡೆಯಲ್ಲಿ ಬಿರುಕು ಕಂಡು ಕಣಿವೆಯ ಕುರುಡರನ್ನು ಎಚ್ಚರಿಸುತ್ತಾನೆ, ಅವರು ನಂಬುವುದಿಲ್ಲ, ಬಂಡೆ ಕುಸಿಯುತ್ತದೆ. ಅಂತರ್ಜಾಲದಲ್ಲಿ ಸುಲಭವಾಗಿ ಸಿಗುವುದು 1904ರ ಪಾಠ. ಅನುವಾದಿಸುವಾಗ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು, ಯಾವುದನ್ನು ಆರಿಸಿದಿರಿ ಎಂದು ಮುನ್ನುಡಿಯಲ್ಲಿ ತಿಳಿಸಿ.