ರಾಷ್ಟ್ರೀಕರಣ ಅಂದ್ರೆ ಕಿತ್ಕೊಳ್ಳೋದಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡೋಣ, ರಾಷ್ಟ್ರೀಕರಣ. ಕಾಲೇಜಲ್ಲಿ ಕಾಮರ್ಸ್ ಪಾಠ ಮಾಡ್ತಾ ಈ ಪದವನ್ನ ಬೋರ್ಡ್ ಮೇಲೆ ಎಷ್ಟು ಸಲ ಬರೆದಿದ್ದೀನೋ ಲೆಕ್ಕ ಇಲ್ಲ, ಆದ್ರೂ ಜನ ಇದನ್ನ ಬಳಸೋ ರೀತಿ ನೋಡಿದ್ರೆ ಸ್ವಲ್ಪ ಸಂಕಟ ಆಗತ್ತೆ. ಊರಿನ ಸೊಸೈಟಿಗೆ ಆಡಳಿತಾಧಿಕಾರಿ ಬಂದ್ರೆ ರಾಷ್ಟ್ರೀಕರಣ ಆಯ್ತು ಅಂತಾರೆ, ದೇವಸ್ಥಾನ ಮುಜರಾಯಿಗೆ ಸೇರಿದ್ರೂ ಅದೇ ಮಾತು, ಯಾರದೋ ಬಂಗಲೆ ಮುಟ್ಟುಗೋಲಾದ್ರೂ ಅದೇ ಮಾತು. ಅಲ್ಲ ಸ್ವಾಮಿ, ಇವು ಯಾವುದೂ ರಾಷ್ಟ್ರೀಕರಣ ಅಲ್ಲ.

ಸಿಂಪಲ್ಲಾಗಿ ಹೇಳ್ತೀನಿ. ನಡೀತಾ ಇರೋ ಒಂದು ಉದ್ಯಮವನ್ನ ಸರ್ಕಾರ ಕಾನೂನು ಮಾಡಿ ತನ್ನ ಹೆಸರಿಗೆ ಮಾಡ್ಕೊಳ್ಳತ್ತೆ, ಹಳೇ ಮಾಲೀಕರಿಗೆ ಪರಿಹಾರ ಕೊಡತ್ತೆ. ಪರಿಹಾರ! ಈ ಪದ ಮರೀಬೇಡಿ. ದುಡ್ಡು ಕೊಡದೆ ತಗೊಂಡ್ರೆ ಅದು ಮುಟ್ಟುಗೋಲು, ಆಡಳಿತ ಮಾತ್ರ ವಹಿಸ್ಕೊಂಡ್ರೆ ಅದು ಬರೀ ಉಸ್ತುವಾರಿ.

ಇದಕ್ಕೆ ನಮ್ಮ ಕರಾವಳಿದೇ ಒಂದು ಕಥೆ ಇದೆ. 1969ರ ಜುಲೈ 19, ಶನಿವಾರ. ಅವತ್ತು ರಾತ್ರಿ ಇಂದಿರಾ ಗಾಂಧಿಯವರು ರೇಡಿಯೋದಲ್ಲೇ ಮಾತಾಡಿ ದೇಶಕ್ಕೆ ಸುದ್ದಿ ಹೇಳಿದ್ರು, ಐವತ್ತು ಕೋಟಿಗಿಂತ ಜಾಸ್ತಿ ಠೇವಣಿ ಇರೋ 14 ಬ್ಯಾಂಕು ಇನ್ನು ಸರ್ಕಾರದ್ದು ಅಂತ, ಅದರಲ್ಲಿ ನಮ್ಮ ಮಂಗಳೂರಲ್ಲಿ ಹುಟ್ಟಿದ ಕೆನರಾ ಬ್ಯಾಂಕೂ ಇತ್ತು, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕೂ ಇತ್ತು. ನಮ್ಮ ದೊಡ್ಡಪ್ಪ ಉಡುಪಿಯಲ್ಲಿ ಜಿನಸಿ ಅಂಗಡಿ ಇಟ್ಕೊಂಡಿದ್ರು. ಅವರಿಗೆ ಸಿಂಡಿಕೇಟಲ್ಲಿ ಪಿಗ್ಮಿ, ಅಂದ್ರೆ ಬ್ಯಾಂಕಿನವನು ದಿನಾ ಬಾಗಿಲಿಗೇ ಬಂದು ಚಿಲ್ಲರೆ ಕಾಸು ಕೂಡಿಸ್ಕೊಂಡು ಹೋಗೋ ಉಳಿತಾಯ, ಇತ್ತು, ಜೊತೆಗೆ ಒಂದಷ್ಟು ಶೇರೂ ಇತ್ತು. ಭಾನುವಾರ ಇಡೀ ದಿನ ಅವರಿಗೆ ಊಟ ಸೇರಲಿಲ್ವಂತೆ. ಸೋಮವಾರ ನೋಡಿದ್ರೆ ಊರೆಲ್ಲ ಚಂದ್ರನ ಮೇಲೆ ಮನುಷ್ಯ ಇಳಿದ ಸುದ್ದಿ, ಇವರು ಮಾತ್ರ ಅಂಗಡಿ ಬಾಗಿಲಲ್ಲಿ ನಿಂತು ಪಿಗ್ಮಿಯವನ ದಾರಿ ಕಾಯ್ತಿದ್ರು. ಅವನು ದಿನಾ ಬರೋ ಹೊತ್ತಿಗೇ ಬಂದ, ಚೀಲದಿಂದ ಕಾರ್ಡ್ ತೆಗೆದ. "ಏನಯ್ಯಾ, ನನ್ನ ದುಡ್ಡೂ ಸರ್ಕಾರದ್ದಾಯ್ತಾ?" ಅಂದ್ರು ದೊಡ್ಡಪ್ಪ. ಅವನು, "ದುಡ್ಡು ನಿಮ್ದೇ ಮಾರಾಯ್ರೆ, ಬ್ಯಾಂಕಿನ ಧಣಿ ಮಾತ್ರ ಬೇರೆ, ಇವತ್ತಿನ ಒಂದು ರೂಪಾಯಿ ಕೊಡಿ" ಅಂದ. ನಾನು ಕ್ಲಾಸಲ್ಲಿ ಮುಕ್ಕಾಲು ಗಂಟೆ ಹೇಳ್ತಿದ್ದಿದ್ದನ್ನ ಅವನು ಒಂದೇ ಉಸಿರಲ್ಲಿ ಹೇಳಿಬಿಟ್ಟಿದ್ದ!

ಪಿಗ್ಮಿ ಸರಿ, ಶೇರಿನ ಕಥೆ ಏನು? ಮಜಾ ಇರೋದು ಇಲ್ಲೇ. ಶೇರು ಪತ್ರ ದೊಡ್ಡಪ್ಪನ ಟ್ರಂಕಲ್ಲೇ ಉಳೀತು, ಹಳೇ ಕಂಪನಿಯೂ ಹೆಸರಿಗೆ ಉಳೀತು, ಆದ್ರೆ ಆ ಕಂಪನಿ ಕೈಯಲ್ಲಿ ಬ್ಯಾಂಕೇ ಇರಲಿಲ್ಲ. ಪರಿಹಾರ ಸಿಗಬೇಕಾಗಿದ್ದು ಆ ಕಂಪನಿಗೆ. ಎಷ್ಟು ಅನ್ನೋದೇ ಜಗಳ. ಆರ್.ಸಿ. ಕೂಪರ್ ಅಂತ ಒಬ್ಬ ಶೇರುದಾರರು ಸುಪ್ರೀಂ ಕೋರ್ಟಿಗೆ ಹೋದ್ರು, ಅವರ ಪರ ವಾದ ಮಾಡಿದ್ದು ನಾನಿ ಪಾಲ್ಖಿವಾಲಾ. ಹನ್ನೊಂದು ಜನ ಜಡ್ಜ್‌ಗಳ ಪೀಠ, 1970ರ ಫೆಬ್ರವರಿ 10ಕ್ಕೆ ತೀರ್ಪು, ಹತ್ತು ಜನ ಒಂದು ಕಡೆ, ಒಬ್ಬರು ಇನ್ನೊಂದು ಕಡೆ, ಕಾನೂನು ಬಿದ್ದೋಯ್ತು. ಸರ್ಕಾರ ಬ್ಯಾಂಕ್ ತಗೋಬಾರ್ದು ಅಂತ ಕೋರ್ಟ್ ಹೇಳಲಿಲ್ಲ, ದಯವಿಟ್ಟು ಗಮನಿಸಿ. ಪರಿಹಾರದ ಲೆಕ್ಕ ಸರಿ ಇಲ್ಲ, ಬ್ಯಾಂಕಿನ ಗುಡ್‌ವಿಲ್‌ಗೆ ಅಂದ್ರೆ ಅದು ಗಳಿಸಿದ ಒಳ್ಳೇ ಹೆಸರಿಗೆ, ಬೆಲೆನೇ ಕಟ್ಟಿಲ್ಲ, ಈ ಹದಿನಾಲ್ಕಕ್ಕೆ ಮಾತ್ರ ಬ್ಯಾಂಕಿಂಗ್ ಮಾಡ್ಬೇಡಿ ಅಂದಿದ್ದು ತಾರತಮ್ಯ ಅಂತ ಹೇಳಿದ್ದು. ಬಾಗಿಲಿಗೆ ಬಂದು ಎರಡೆರಡು ಆಣೆ ಕೂಡಿಸಿ ಬೆಳೆದ ಬ್ಯಾಂಕಿಗೆ ಆಸ್ತಿ ಅಂದ್ರೆ ಜನರ ನಂಬಿಕೆನೇ ತಾನೇ, ಅದನ್ನೇ ಲೆಕ್ಕದಿಂದ ಬಿಟ್ರೆ ಹೇಗೆ? ನಾಲ್ಕೇ ದಿನದಲ್ಲಿ ಹೊಸ ಸುಗ್ರೀವಾಜ್ಞೆ ಬಂತು, ಈ ಸಲ 14 ಬ್ಯಾಂಕಿಗೂ ಸೇರಿಸಿ 87.4 ಕೋಟಿ ರೂಪಾಯಿ ಅಂತ ಗಟ್ಟಿಯಾಗಿ ಬರೆದೇ ಬಿಟ್ರು.

ಅಷ್ಟಕ್ಕೇ ನಿಲ್ಲಲಿಲ್ಲ. 1971ರಲ್ಲಿ ಸಂವಿಧಾನದ 25ನೇ ತಿದ್ದುಪಡಿ ಮಾಡಿ, "ಪರಿಹಾರ" ಅನ್ನೋ ಪದವನ್ನೇ ತೆಗೆದು "ಮೊಬಲಗು" ಅನ್ನೋ ಅರ್ಥದ ಪದ ಹಾಕಿದ್ರು. ಯಾಕೆ? ಪರಿಹಾರ ಅಂದ್ರೆ ಸರಿಯಾದ ಬೆಲೆನಾ ಅಂತ ಕೋರ್ಟ್ ಕೇಳತ್ತೆ, ಮೊಬಲಗು ಅಂದ್ರೆ ಕೊಟ್ಟಿದ್ದೇ ಮೊಬಲಗು. ಪರಿಹಾರ, ಪರಿಹಾರ ಅಂತ ನಾನು ಇಷ್ಟು ಬಡ್ಕೊಳ್ಳೋದು ಸುಮ್ನೆ ಅಲ್ಲ.

ದೊಡ್ಡಪ್ಪನ ಕಥೆ ಸ್ವಲ್ಪ ಉದ್ದ ಆಯ್ತು, ಉಳಿದಿದ್ದನ್ನ ಬೇಗ ಹೇಳ್ತೀನಿ. ಆಡಳಿತ ವಹಿಸ್ಕೊಳ್ಳೋದು ಬೇರೆ, ರಾಷ್ಟ್ರೀಕರಣ ಬೇರೆ ಅಂದೆನಲ್ಲ, ಅದಕ್ಕೆ ಜೀವವಿಮೆ ನೋಡಿ. 1956ರ ಜನವರಿ 19ಕ್ಕೆ ವಿಮಾ ಕಂಪನಿಗಳ ಆಡಳಿತ ಮಾತ್ರ ಸರ್ಕಾರದ ಕೈಗೆ ಬಂತು, ಎಲ್‌ಐಸಿ ಹುಟ್ಟಿ ಅವು ಪೂರ್ತಿ ಸರ್ಕಾರದ್ದಾಗಿದ್ದು ಸೆಪ್ಟೆಂಬರ್ 1ಕ್ಕೆ. ನಡುವಿನ ಏಳು ತಿಂಗಳು ಬರೀ ಉಸ್ತುವಾರಿ.

ಬಸ್ಸಿನೋರು "ರಾಷ್ಟ್ರೀಕೃತ ಮಾರ್ಗ" ಅಂತಾರಲ್ಲ, ಅದರ ಅರ್ಥ ಆ ರೂಟಲ್ಲಿ ಸರ್ಕಾರಿ ಬಸ್ಸಿಗೇ ಹಕ್ಕು ಅಂತ, ನಿಮ್ಮೂರಿನ ಪ್ರೈವೇಟ್ ಬಸ್ಸಿನವರ ಬಸ್ ಕಿತ್ಕೊಂಡ್ರು ಅಂತಲ್ಲ. ಇನ್ನು 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ ಸೇರ್ತಲ್ಲ, ಅದನ್ನೂ ಕೆಲವರು ರಾಷ್ಟ್ರೀಕರಣ ಅಂದ್ರು. ಎರಡೂ ಆಗ್ಲೇ ಸರ್ಕಾರಿ ಬ್ಯಾಂಕೇ ಕಣ್ರೀ, ಅದು ವಿಲೀನ! ನಮಸ್ಕಾರ.